ಕಲಾನಿವಾಸಗಳ ಪೋಷಣೆ: ದಾನವೋ, ಋಣವೋ?

ಹೊಸದನ್ನು ಕಟ್ಟುವುದರಲ್ಲಿ ಲೋಕಕ್ಕೆ ಇರುವ ಉತ್ಸಾಹವು ಕಟ್ಟಿದುದನ್ನು ಕಾಪಾಡುವುದರಲ್ಲಿ ಕಾಣಬರುವುದಿಲ್ಲ. ದೇವಾಲಯದ ಶಂಕುಸ್ಥಾಪನೆಗೆ ಊರಿಗೆ ಊರೇ ನೆರೆಯುತ್ತದೆ. ಅದೇ ದೇವಾಲಯದ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯು ಬೇರುಬಿಟ್ಟಾಗ ಅದನ್ನು ಕೀಳಿಸುವುದಕ್ಕೆ ನಾಲ್ಕು ಜನ ದೊರೆಯುವುದು ದುರ್ಲಭ. ವಿದ್ಯಾಲಯ, ಧರ್ಮಛತ್ರ, ಕೆರೆಕಟ್ಟೆ, ಇವೆಲ್ಲವುಗಳ ಪಾಡೂ ಇದೇ ಆಗಿದೆ. ಆದರೆ ಕಲಾವಿದರು ಕೆಲಕಾಲ ಒಟ್ಟಿಗೆ ನೆಲಸಿ ತಮ್ಮ ಕಲೆಯನ್ನು ಸಾಧಿಸುವುದಕ್ಕಾಗಿ ಏರ್ಪಟ್ಟ ನಿವಾಸಗಳ ವಿಷಯದಲ್ಲಿ ಈ ಕಷ್ಟವು ಇಮ್ಮಡಿಯಾಗುತ್ತದೆ. ದೇವಾಲಯಕ್ಕೆ ಭಕ್ತಿಯ ಆಸರೆಯುಂಟು. ಕೆರೆಗೆ ಬೆಳೆಯ ಆಸರೆಯುಂಟು. ನಟನು ಅಭ್ಯಾಸಮಾಡುವ ಅಂಕಣಕ್ಕೆ, ಚಿತ್ರಕಾರನು ಬಣ್ಣ ಅರೆಯುವ ಕೊಠಡಿಗೆ ಯಾವ ಆಸರೆ? ಅದರ ಹೆಂಚು ಒಡೆದರೆ ಯಾರ ಮುಂದೆ ಕೈಯೊಡ್ಡಬೇಕು? ಹಾಗೆ ಒಡ್ಡುವುದು ನ್ಯಾಯವೇ? ಒಡ್ಡಿದ ಕೈಗೆ ಬೀಳುವುದು ದಾನವೋ, ತೀರಿಸತಕ್ಕ ಋಣವೋ? ಇದಕ್ಕೆ ದೊರೆಯುವ ಉತ್ತರವನ್ನು ಅನುಸರಿಸಿಯೇ ಬೇಡುವವನ ನಡತೆಯೂ ನೀಡುವವನ ನಡತೆಯೂ ಏರ್ಪಡಬೇಕಾಗಿರುವುದರಿಂದ ಇದು ಬರಿಯ ಹಣದ ಮಾತಲ್ಲ, ಧರ್ಮಜಿಜ್ಞಾಸೆಯೇ ಆಗಿದೆ.

ಈ ಜಿಜ್ಞಾಸೆಗೆ ನಿದರ್ಶನವನ್ನು ಚಿತ್ರದುರ್ಗದ ಸೀಮೆಯವರು ದೂರದಲ್ಲಿ ಹುಡುಕಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯು ಒಂದು ಸಣ್ಣ ಗ್ರಾಮ. ಸಿರಿಗೆರೆಯ ತರಳಬಾಳು ಬೃಹನ್ಮಠದ ಶಾಖೆಯಾದ ಅಲ್ಲಿಯ ಮಠದಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ, 1997ರಲ್ಲಿ ‘ಶಿವಸಂಚಾರ’ವೆಂಬ ಸಂಚಾರಿ ನಾಟಕತಂಡವನ್ನೂ ಸ್ಥಾಪಿಸಿದರು. ಅವರ ಗುರುಗಳಾದ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳೇ ‘ಮರಣವೇ ಮಹಾನವಮಿ’ ಮೊದಲಾದ ನಾಟಕಗಳನ್ನು ರಚಿಸಿದವರಾದುದರಿಂದ, ಪೀಠಕ್ಕೂ ರಂಗಕ್ಕೂ ಇರುವ ಈ ನಂಟು ಅಲ್ಲಿ ಹೊಸದಲ್ಲ. ವರ್ಷವರ್ಷವೂ ನಾಡಿನ ನಾನಾ ಕಡೆಗಳಿಂದ ಬಂದ ಕಲಾವಿದರು ಆ ಗ್ರಾಮದಲ್ಲಿ ನೆಲಸಿ, ಮೂರು ನಾಟಕಗಳನ್ನು ಕಲಿತು, ಬಳಿಕ ಊರೂರು ಸಂಚರಿಸಿ ಅವುಗಳನ್ನು ಆಡಿತೋರಿಸುತ್ತಾರೆ. ಗ್ರೀಕರ ರಂಗಸ್ಥಲದ ಮಾದರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರವೂ, ನಟವಿದ್ಯೆಯನ್ನು ಕಲಿಸುವ ಶಾಲೆಯೂ ಅಲ್ಲಿವೆ. ನವೆಂಬರ್ ತಿಂಗಳಿನ ನಾಟಕೋತ್ಸವದ ಕಾಲದಲ್ಲಿ ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳು ಆ ಮೆಟ್ಟಿಲುಗಳನ್ನು ತುಂಬಿ ಕುಳಿತು, ಪಟ್ಟಣಿಗರಿಗೂ ಸುಲಭವಾಗಿ ದೊರೆಯದ ನಾಟಕಗಳನ್ನು ನೋಡುತ್ತಾರೆ.

ಉತ್ಸವದ ರಾತ್ರಿಯಲ್ಲಿ ಕಣ್ಣಿಗೆ ಬೀಳುವುದು ದೀಪ, ವೇಷ, ಗಾನಗಳು. ಕಣ್ಣಿಗೆ ಬೀಳದಿರುವ ಕೆಲಸ ಬೇರೆಯುಂಟು. ಬಯಲಿನಲ್ಲಿ ಬಿಸಿಲುಮಳೆಗಳಿಗೆ ಮೈಯೊಡ್ಡಿದ ಕಟ್ಟಡದ ಸಂದುಗಳನ್ನು ವರ್ಷಕ್ಕೊಮ್ಮೆಯಾದರೂ ಮುಚ್ಚಬೇಕು. ವೇಷಭೂಷಣದ ಪೆಟ್ಟಿಗೆಗಳನ್ನು ಗೆದ್ದಲಿನಿಂದಲೂ ಇಲಿಯಿಂದಲೂ ಕಾಪಾಡಬೇಕು. ದೀಪಕ್ಕೆ ಹೋಗುವ ತಂತಿಗಳು ಹಳತಾದರೆ ಬದಲಾಯಿಸಬೇಕು. ಇಲ್ಲವಾದರೆ ಒಂದು ಕಿಡಿಯಿಂದ ಎಲ್ಲವೂ ಭಸ್ಮವಾಗಬಹುದು. ಕಲಾವಿದರು ಮಲಗುವ ಕೊಠಡಿಗೆ ಸುಣ್ಣ, ಬಚ್ಚಲಿಗೆ ನೀರು, ಒಲೆಗೆ ಉರುವಲು ಒದಗಬೇಕು. ರಂಗಕ್ಕೆ ಮೀಸಲಾದ ಯಾವ ಮನೆಯಾದರೂ ಈ ವೆಚ್ಚಗಳಿಂದ ತಪ್ಪಿಸಿಕೊಳ್ಳಲಾರದು. ಇವುಗಳಲ್ಲಿ ಯಾವುದಕ್ಕೂ ಶಿಲಾಫಲಕವಿಲ್ಲ, ಹೂಮಾಲೆಯಿಲ್ಲ. ಹೊಸ ಕೊಠಡಿಯ ಬಾಗಿಲಮೇಲೆ ತಂದೆತಾಯಿಗಳ ಹೆಸರನ್ನು ಕೆತ್ತಿಸಲು ಸಿದ್ಧನಾದ ಉದಾರಿಯು, ಹಳೆಯ ಕೊಠಡಿಯ ಸೋರುವ ಮೂಲೆಗೆ ಹೆಂಚು ಕೊಡಿಸೆಂದರೆ ಮುಂದಿನ ವರ್ಷ ನೋಡೋಣವೆನ್ನುತ್ತಾನೆ.

ಪ್ರಾಚೀನರು ಈ ವಿಷಯವನ್ನು ಆಲೋಚಿಸದೆ ಬಿಡಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಹೇಳಿರುವ ಕಥೆಯು ಪ್ರಸಿದ್ಧವಾಗಿದೆ. ಮೊತ್ತಮೊದಲ ನಾಟಕಪ್ರಯೋಗವು ನಡೆದಾಗ ದೈತ್ಯರೂ ವಿಘ್ನಗಳೂ ಸೇರಿ ನಟರ ಮಾತು, ಚಲನೆ, ಸ್ಮರಣೆಗಳನ್ನು ಸ್ತಂಭನಗೊಳಿಸಿದರು. ಆ ಮೇಲೆ ಬ್ರಹ್ಮನ ಆಜ್ಞೆಯಂತೆ ವಿಶ್ವಕರ್ಮನು ನಾಟ್ಯಗೃಹವನ್ನು ನಿರ್ಮಿಸಿದನು. ಕಥೆಯು ಅಲ್ಲಿಗೆ ಮುಗಿಯಲಿಲ್ಲವೆಂಬುದು ಗಮನಾರ್ಹ. ಮನೆ ಸಿದ್ಧವಾದೊಡನೆಯೇ ಬ್ರಹ್ಮನು ಅದರ ಒಂದೊಂದು ಅಂಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಗೆ ನಿಲ್ಲಿಸಿದನು: ಮಂಟಪಕ್ಕೆ ಚಂದ್ರನು, ದಿಕ್ಕುಗಳಿಗೆ ಲೋಕಪಾಲಕರು, ನೇಪಥ್ಯಕ್ಕೆ ಮಿತ್ರನು, ವೇದಿಕೆಗೆ ಅಗ್ನಿಯು. ದೇವೇಂದ್ರನೇ ರಂಗಪೀಠದ ಪಕ್ಕದಲ್ಲಿ ನಿಂತನು. ಕಟ್ಟಿದವನು ಒಬ್ಬನು, ಕಾಯುವವರು ಅನೇಕರು. ಕಟ್ಟುವ ಕೆಲಸವನ್ನು ಒಬ್ಬ ಸಮರ್ಥನಿಗೆ ಒಪ್ಪಿಸಬಹುದು, ಕಾಪಾಡುವ ಕೆಲಸವನ್ನು ಹಾಗೆ ಒಬ್ಬನ ಮೇಲೆ ಹೇರಲಾಗದು ಎಂಬ ಅಭಿಪ್ರಾಯವು ಈ ಕಥೆಯಿಂದ ಸಹಜವಾಗಿಯೇ ಹೊರಡುತ್ತದೆ.

ಕನ್ನಡನಾಡಿನ ಶಾಸನಗಳೂ ಇದೇ ಮಾರ್ಗವನ್ನು ಹಿಡಿದಿವೆ. ದೇವರ ಅಂಗಭೋಗಕ್ಕೆಂದು ಭೂಮಿಯನ್ನು ಬಿಟ್ಟ ಅರಸರು ಅದರ ಜೊತೆಯಲ್ಲಿಯೇ ರಂಗಭೋಗಕ್ಕೆ, ಎಂದರೆ ನೃತ್ಯಗೀತವಾದ್ಯಗಳ ನಿರ್ವಾಹಕ್ಕೆ, ಉತ್ಪತ್ತಿಯನ್ನು ಏರ್ಪಡಿಸುತ್ತಿದ್ದರು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಪ್ರತ್ಯೇಕವಾಗಿ ದತ್ತಿ ಬಿಡುತ್ತಿದ್ದುದುಂಟು. ಕೆರೆಯ ಸಂರಕ್ಷಣೆಗಾಗಿ ‘ಬಿತ್ತುವಟ್ಟ’ವೆಂಬ ಭೂಮಿಯು ಮೀಸಲಾಗುತ್ತಿತ್ತು. ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು ಇವೆರಡರಲ್ಲಿ ಪಾಲನೆಯೇ ಮೇಲೆಂಬ ತಾತ್ಪರ್ಯವುಳ್ಳ ಶ್ಲೋಕವು ಅನೇಕ ಶಾಸನಗಳ ಕೊನೆಯಲ್ಲಿ ಕಾಣಬರುತ್ತದೆ. ದಾನವನ್ನು ಅರಸನು ಒಮ್ಮೆ ಮಾಡುತ್ತಾನೆ. ಅದನ್ನು ಪಾಲಿಸುವವರು ಮುಂದೆ ಹುಟ್ಟತಕ್ಕವರು, ತಮ್ಮ ಹೆಸರಿಲ್ಲದ ಕೆಲಸವನ್ನು ಮಾಡಬೇಕಾದವರು. ಅವರ ಫಲವು ಹೆಚ್ಚೆಂದು ಹೇಳಿದುದು ಈ ಕಾರಣದಿಂದಲೇ ಇರಬೇಕು.

ಹಿರಿಯೂರು ತಾಲ್ಲೂಕಿನ ವಾಣೀವಿಲಾಸ ಸಾಗರವು ಇದಕ್ಕೆ ಮತ್ತೊಂದು ದೃಷ್ಟಾಂತ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ವರೆಗೆ ಕಟ್ಟಿದ ಆ ಜಲಾಶಯವು 1933ರಲ್ಲಿ ಕೋಡಿ ಹರಿಯಿತು. ಮರಳಿ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಈ ನಡುವೆ ಎರಡು ಮೂರು ತಲೆಮಾರುಗಳು ಅದು ತುಂಬಿದುದನ್ನು ಕಾಣದೆಯೇ ಕಳೆದುಹೋದವು. ಹೇಗೂ ತುಂಬದ ಕಟ್ಟೆಯೆಂದು ಅದನ್ನು ಹಾಳುಬಿಟ್ಟಿದ್ದರೆ 2022ರ ನೀರನ್ನು ಹಿಡಿಯುವುದು ಯಾವುದು? ಪಾಲನೆಯ ಫಲವು ಪಾಲಿಸಿದವನ ಕಣ್ಣಮುಂದೆಯೇ ಕಾಣಬೇಕೆಂಬ ನಿಯಮವಿಲ್ಲ. ಕಲೆಯ ಮನೆಯಲ್ಲಿಯೂ ಅಷ್ಟೆ. ಹತ್ತು ವರ್ಷ ಸಾಮಾನ್ಯ ನಟರು ಬಂದುಹೋಗಬಹುದು; ಹನ್ನೊಂದನೆಯ ವರ್ಷ ಬರತಕ್ಕ ಪ್ರತಿಭಾಶಾಲಿಗೆ ಸೂರು ಬೇಕಾದರೆ ಆ ಹತ್ತು ವರ್ಷವೂ ಅದನ್ನು ನಿಲ್ಲಿಸಿರಬೇಕು.

ಈಗ ಮೊದಲ ಪ್ರಶ್ನೆಗೆ ಬರಬಹುದು. ದಾನವೆಂಬುದು ಕೊಡುವವನ ಇಚ್ಛೆಯನ್ನು ಅವಲಂಬಿಸಿದುದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲ. ಋಣವು ಹಾಗಲ್ಲ, ಪಡೆದವನು ತೀರಿಸಲೇಬೇಕು. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆಯೇ ಹುಟ್ಟುತ್ತಾನೆಂದು ವೇದವು ಹೇಳುತ್ತದೆ. ಶತಪಥ ಬ್ರಾಹ್ಮಣವು ಇವುಗಳಿಗೆ ಮನುಷ್ಯಋಣವನ್ನೂ ಸೇರಿಸುತ್ತದೆ. ಋಷಿಗಳಿಂದ ಪಡೆದ ವಿದ್ಯೆಯ ಋಣವನ್ನು ಋಷಿಗಳಿಗೆ ಹಿಂದಿರುಗಿಸಲಾಗದು. ಅಧ್ಯಯನದಿಂದಲೂ, ಮುಂದಿನವನಿಗೆ ಕಲಿಸುವುದರಿಂದಲೂ ಅದು ತೀರುತ್ತದೆ. ನಾಟಕವನ್ನು ನೋಡಿ ಮನಸ್ಸು ತಿಳಿಯಾದವನ ಸ್ಥಿತಿಯೂ ಇಂಥದೇ. ಸೊಸೆಯ ಕಷ್ಟವನ್ನು ರಂಗದಮೇಲೆ ಕಂಡು ಮನೆಯಲ್ಲಿ ದನಿ ತಗ್ಗಿಸಿದ ಅತ್ತೆಯು, ಶರಣರ ಮಾತನ್ನು ಕೇಳಿ ಜಾತಿಯ ಬಿಗುವನ್ನು ಕೊಂಚ ಸಡಿಲಿಸಿದ ಗೌಡನು, ತಾವು ಪಡೆದುದಕ್ಕೆ ಬೆಲೆ ಕಟ್ಟಲಾರರು. ಆ ನಟನು ಮರುದಿನವೇ ಬೇರೆ ಊರಿಗೆ ಹೋದನು; ಅವನಿಗೆ ಹಿಂದಿರುಗಿಸುವ ದಾರಿಯಿಲ್ಲ. ಮುಂದಿನ ನಟನು ಕಲಿಯುವ ಮನೆಯನ್ನು ನಿಲ್ಲಿಸುವುದೊಂದೇ ಉಳಿದಿರುವ ದಾರಿ. ಇದೇ ಜಿಲ್ಲೆಯ ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನರು ನೆನೆಯುವ ತಿಪ್ಪೇರುದ್ರಸ್ವಾಮಿಗಳ ಬೋಧೆಯು, ಭಿಕ್ಷೆಯೂ ಮಾಡಿದ ದುಡಿಮೆಯ ಅಳತೆಗೆ ತಕ್ಕಂತೆ ಸಲ್ಲಬೇಕೆಂಬುದಾಗಿದೆ. ಈ ದೃಷ್ಟಿಯಿಂದ ನೋಡಿದರೆ ದುಡಿದ ಕಲಾವಿದನಿಗೆ ಒದಗುವ ಸೂರು ಕರುಣೆಯ ಕಾಣಿಕೆಯಲ್ಲ, ಸಲ್ಲಬೇಕಾದ ಸಲುವಳಿ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಮಳೆಯು ಮೇಲಿಂದಮೇಲೆ ಕೈಕೊಡುವ ಸೀಮೆಯಿದು. ದನಕ್ಕೆ ಮೇವಿಲ್ಲದಿರುವಾಗ, ರೋಗಿಗೆ ಔಷಧವಿಲ್ಲದಿರುವಾಗ, ನಾಟಕದವರ ಹೆಂಚಿಗೆ ವಂತಿಗೆ ಎತ್ತುವುದು ಉಚಿತವೇ? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿದ ಶ್ರೀ ರಾಘವೇಂದ್ರ ಸ್ವಾಮಿಗಳು ‘ತಿರುಕ’ನೆಂಬ ಹೆಸರನ್ನು ತಾವಾಗಿಯೇ ಇಟ್ಟುಕೊಂಡು, 1996ರಲ್ಲಿ ಕಾಲವಾಗುವ ವರೆಗೂ ಸೇವೆಯಲ್ಲಿಯೇ ನಿರತರಾಗಿದ್ದರು. ಅವರ ಜೋಳಿಗೆಯು ಅನಾಥರಿಗಾಗಿ, ವಿದ್ಯಾರ್ಥಿಗಳಿಗಾಗಿ, ರೋಗಿಗಳಿಗಾಗಿ ತೆರೆದುದು. ತಮ್ಮ ಆತ್ಮಕಥೆಗೆ ‘ಜೋಳಿಗೆಯ ಪವಾಡ’ವೆಂದು ಹೆಸರಿಡಲು ಅವರಿಗೆ ಅಧಿಕಾರವಿದ್ದಿತು. ಅಂಥ ಜೋಳಿಗೆಯ ಪಕ್ಕದಲ್ಲಿ ಕಲಾವಿದರ ಜೋಳಿಗೆಯನ್ನು ಇಡುವುದು ಸಲ್ಲುವುದೇ ಎಂದು ಸಜ್ಜನರೇ ಕೇಳಬಹುದು.

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಬಾರದು. ಹಸಿದವನ ಅನ್ನಕ್ಕೂ ರಂಗದ ಹೆಂಚಿಗೂ ನೇರವಾಗಿ ಸ್ಪರ್ಧೆಯೊದಗಿದರೆ ಅನ್ನವೇ ಗೆಲ್ಲತಕ್ಕದ್ದು. ಅದನ್ನು ಒಪ್ಪದ ಕಲಾವಿದನು ತಾನು ಆಡಿದ ನಾಟಕವನ್ನು ತಾನೇ ಅರಿಯಲಿಲ್ಲವೆನ್ನಬೇಕು. ಆದರೆ ಅಂಥ ನೇರವಾದ ಸ್ಪರ್ಧೆಯು ಬಹು ವಿರಳ. ರಂಗದ ಹೆಂಚಿಗೆ ಕೊಡದೆ ಉಳಿಸಿದ ಹತ್ತು ರೂಪಾಯಿಯು ಹಸಿದವನ ಮನೆಗೆ ಹೋಗುವುದು ತೀರ ಕಡಮೆ. ಮದುವೆಯ ಚಪ್ಪರಕ್ಕೋ ಪಟಾಕಿಗೋ ಹೋಗುವುದೇ ಹೆಚ್ಚು. ಒಂದು ಧರ್ಮಕಾರ್ಯವನ್ನು ಇನ್ನೊಂದು ಧರ್ಮಕಾರ್ಯದ ಹೆಸರಿನಿಂದ ನಿರಾಕರಿಸಿ ಎರಡನ್ನೂ ಮಾಡದಿರುವುದು ಜನರಲ್ಲಿ ರೂಢವಾಗಿರುವ ಚಾತುರ್ಯ. ಬರಗಾಲದ ಹಳ್ಳಿಗಳೂ ವಂತಿಗೆ ಎತ್ತಿ ಬಯಲಾಟ ಆಡಿಸಿದುದನ್ನು ಮರೆಯಬಾರದು. ಕಷ್ಟದ ಕಾಲದಲ್ಲಿ ಮನಸ್ಸಿಗೂ ಆಹಾರ ಬೇಕೆಂಬುದು ಓದುಬರಹವಿಲ್ಲದ ರೈತನಿಗೂ ತಿಳಿದ ವಿಷಯ.

ಎರಡನೆಯ ಆಕ್ಷೇಪವು ಕಲಾವಿದರನ್ನೇ ಕುರಿತದ್ದು. ತಮ್ಮ ಮನೆಯನ್ನು ತಾವೇ ನೋಡಿಕೊಳ್ಳಬಾರದೇಕೆ? ಮದರಾಸಿನ ಬಳಿಯ ಚೋಳಮಂಡಲದಲ್ಲಿ ಕೆ. ಸಿ. ಎಸ್. ಪಣಿಕ್ಕರರ ನೇತೃತ್ವದಲ್ಲಿ 1966ರಲ್ಲಿ ಚಿತ್ರಕಾರರು ನೆಲೆಯೂರಿದಾಗ, ಬಟ್ಟೆಯ ಮೇಲೆ ಬಾಟಿಕ್ ಬಣ್ಣದ ಕೆಲಸ ಮೊದಲಾದ ಕೈಗಾರಿಕೆಗಳಿಂದ ಹಣ ಗಳಿಸಿ ತಮ್ಮ ಗ್ರಾಮವನ್ನು ತಾವೇ ಕಟ್ಟಿಕೊಂಡರು. ಇದು ಶ್ಲಾಘ್ಯವಾದ ಮಾರ್ಗ. ಸಾಧ್ಯವಿರುವ ಕಡೆ ಇದನ್ನೇ ಹಿಡಿಯತಕ್ಕದ್ದು. ಆದರೆ ಚಿತ್ರವನ್ನಾಗಲಿ ಬಟ್ಟೆಯನ್ನಾಗಲಿ ಸಂತೆಗೆ ಒಯ್ದು ಮಾರಬಹುದು. ನಟನು ಆಡಿದ ಮಾತು ಆ ರಾತ್ರಿಯೇ ಗಾಳಿಯಲ್ಲಿ ಸೇರಿಹೋಗುತ್ತದೆ. ಎಲ್ಲ ವೆಚ್ಚವನ್ನೂ ಪ್ರೇಕ್ಷಕರ ಚೀಟಿಯ ಹಣದಿಂದಲೇ ತೆಗೆಯಹೊರಟರೆ ಕೂಲಿಯವನು ರಂಗದ ಹೊರಗೆ ನಿಲ್ಲಬೇಕಾಗುತ್ತದೆ. ಅಥವಾ ನಾಟಕವು ಕೇವಲ ನಗೆಚಾಟಿಕೆಗೆ ಇಳಿಯಬೇಕಾಗುತ್ತದೆ. ಜಂಗಮವೇ ಮುಖ್ಯ, ಸ್ಥಾವರಕ್ಕೇಕೆ ಖರ್ಚು ಎನ್ನುವವರೂ ಉಂಟು. ಊರೂರು ತಿರುಗುವ ಯತಿಗೂ ಮಳೆಗಾಲದ ಚಾತುರ್ಮಾಸ್ಯಕ್ಕೆ ಒಂದು ನೆಲೆಯನ್ನು ಶಾಸ್ತ್ರವು ವಿಧಿಸಿರುವುದನ್ನು ಅವರು ಆಲೋಚಿಸಬೇಕು. ಸಂಚಾರವು ನಿಲ್ಲದಿರಬೇಕಾದರೆ ಹೊರಡುವುದಕ್ಕೂ ಮರಳುವುದಕ್ಕೂ ಒಂದು ಮನೆ ಬೇಕು.

ಹಣವನ್ನು ಎತ್ತುವುದು ನ್ಯಾಯವೆಂದು ಒಪ್ಪಿದಮೇಲೂ, ಹೇಗೆ ಎತ್ತಬೇಕೆಂಬ ಪ್ರಶ್ನೆಯು ಉಳಿಯುತ್ತದೆ. ಅಪಾಯವು ಹೆಚ್ಚಾಗಿರುವುದು ಇಲ್ಲಿಯೇ. ಅರ್ಥಶಾಸ್ತ್ರದಲ್ಲಿ, ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಅರಸನು ಪ್ರಜೆಗಳಿಂದ ಕೇಳಿ ಪಡೆಯುವ ವಿಶೇಷ ಹಣಕ್ಕೆ ‘ಪ್ರಣಯ’ವೆಂದು ಹೆಸರು. ಪ್ರೀತಿಯನ್ನು ಸೂಚಿಸುವ ಪದವು ವಸೂಲಿಗೆ ಹೆಸರಾಗಿರುವುದು ಅರ್ಥಗರ್ಭಿತವಾಗಿದೆ. ಅದನ್ನು ಒಮ್ಮೆ ಮಾತ್ರ ಕೇಳಬಹುದು, ಎರಡನೆಯ ಸಲ ಕೂಡದೆಂದು ಕೌಟಿಲ್ಯನೇ ವಿಧಿಸಿದ್ದಾನೆ. ಗಿರಿನಾರದ ಶಾಸನವೂ ಇದನ್ನು ನೆನಪಿಗೆ ತರುತ್ತದೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ ಸುದರ್ಶನವೆಂಬ ಕೆರೆಯು ಕ್ರಿ. ಶ. 150ರ ಸುಮಾರಿನಲ್ಲಿ ಬಿರುಗಾಳಿ ಪ್ರವಾಹಗಳಿಂದ ಒಡೆದುಹೋಯಿತು. ಒಡಕು ಬಹು ದೊಡ್ಡದೆಂದು ಮಂತ್ರಿಗಳು ಕೈಚೆಲ್ಲಿದರು, ಪ್ರಜೆಗಳು ಆಸೆಬಿಟ್ಟರು. ಆಗ ರುದ್ರದಾಮನು ಕರ, ಬಿಟ್ಟಿ, ಪ್ರಣಯ ಎಂಬ ಮೂರರಿಂದಲೂ ಜನರನ್ನು ಪೀಡಿಸದೆ ತನ್ನ ಬೊಕ್ಕಸದಿಂದಲೇ ಅದನ್ನು ಮೊದಲಿಗಿಂತ ಬಲವಾಗಿ ಕಟ್ಟಿಸಿದನೆಂದು ಶಾಸನವು ಹೊಗಳುತ್ತದೆ. ಕೆರೆಯನ್ನು ಸರಿಪಡಿಸಿದುದಕ್ಕೆ ಎಷ್ಟು ಹೊಗಳಿಕೆಯೋ, ಅದಕ್ಕಾಗಿ ಯಾರನ್ನೂ ನೋಯಿಸದಿದ್ದುದಕ್ಕೂ ಅಷ್ಟೇ ಹೊಗಳಿಕೆ. ಅಧಿಕಾರಿಯ ಚೀಟಿ ಹಿಡಿದು ಅಂಗಡಿಯವನ ಮುಂದೆ ನಿಲ್ಲುವುದು, ಸಭೆಯಲ್ಲಿ ಹೆಸರು ಕೂಗಿ ನಾಚಿಕೆಗೆ ಸಿಕ್ಕಿಸಿ ಮೊತ್ತವನ್ನು ಬರೆಯಿಸಿಕೊಳ್ಳುವುದು, ಇವೆಲ್ಲವೂ ಹಳೆಯ ಪ್ರಣಯದ ಹೊಸ ರೂಪಗಳೇ ಸರಿ. ಋಣವೆಂದಮಾತ್ರಕ್ಕೆ ಸಾಲಗಾರನ ಕೊರಳಪಟ್ಟಿ ಹಿಡಿಯುವ ಅಧಿಕಾರವು ಯಾರಿಗೂ ಬರುವುದಿಲ್ಲ. ಇದು ಮನಸ್ಸಾಕ್ಷಿಯ ಋಣ. ನೆನಪು ಮಾಡಿಕೊಡಬಹುದು, ಬಲಾತ್ಕರಿಸಲಾಗದು.

ಒಬ್ಬ ದೊಡ್ಡ ದಾನಿಯು ಒದಗಿದರೆ ಕಷ್ಟವೆಲ್ಲ ಕಳೆಯಿತೆಂದು ಭಾವಿಸುವುದು ಸಾಮಾನ್ಯ. ಶಾಂತಿನಿಕೇತನದ ಚರಿತ್ರೆಯು ಇದಕ್ಕೆ ಎಚ್ಚರಿಕೆಯನ್ನು ಹೇಳುತ್ತದೆ. ವಿಶ್ವಭಾರತಿಯ ನಿರ್ವಾಹಕ್ಕೆ ಹಣ ಸಾಲದೆ ರವೀಂದ್ರನಾಥ ಠಾಕೂರರು ಎಪ್ಪತ್ತು ದಾಟಿದಮೇಲೂ ನೃತ್ಯನಾಟಕದ ಮೇಳವನ್ನು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದರು. 1936ರಲ್ಲಿ ದೆಹಲಿಯಲ್ಲಿ ಅವರ ದಣಿವನ್ನು ಕಂಡು ನೊಂದ ಗಾಂಧೀಜಿಯವರು 60,000 ರೂಪಾಯಿಗಳನ್ನು ಒದಗಿಸಿಕೊಟ್ಟರು. ಕೊಟ್ಟವರ ಪ್ರೀತಿ ದೊಡ್ಡದು. ಆದರೂ 1940ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋದಾಗ, ತಮ್ಮ ಸಂಸ್ಥೆಯನ್ನು ರಕ್ಷಿಸಬೇಕೆಂದು ಕವಿಗಳು ಅವರಿಗೆ ಪತ್ರ ಬರೆದುಕೊಡಬೇಕಾಯಿತು. 1951ರಲ್ಲಿ ಕೇಂದ್ರ ವಿಶ್ವವಿದ್ಯಾನಿಲಯವಾದ ಮೇಲೆಯೇ ಅದಕ್ಕೆ ಸರ್ಕಾರದ ಆಧಾರವು ದೊರೆತದ್ದು. ಹಿಂದಿನ ಸಾಲವನ್ನು ಒಂದು ದಾನವು ತೀರಿಸಬಹುದು. ಪ್ರತಿವರ್ಷವೂ ಸೋರುವ ಸೂರಿಗೆ ಪ್ರತಿವರ್ಷವೂ ಬರುವ ಹಣವೇ ಬೇಕು.

ಇದಕ್ಕೆ ಪ್ರತಿಯಾದ ಉದಾಹರಣೆಯು ಅಮೆರಿಕದಲ್ಲಿದೆ. ಎಡ್ವರ್ಡ್ ಮ್ಯಾಕ್‌ಡೊವೆಲ್ ಎಂಬ ಸಂಗೀತರಚನಕಾರನೂ ಅವನ ಪತ್ನಿ ಮೇರಿಯನಳೂ ನ್ಯೂ ಹ್ಯಾಂಪ್‌ಷೈರಿನ ಪೀಟರ್‌ಬರೋ ಎಂಬಲ್ಲಿ 1907ರಲ್ಲಿ ಕಲಾವಿದರ ಏಕಾಂತನಿವಾಸವನ್ನು ಆರಂಭಿಸಿದರು. ಕಾಡಿನ ನಡುವೆ ದೂರದೂರ ಒಂದೊಂದು ಕುಟೀರ. ಒಳಗಿರುವವನ ಕೆಲಸಕ್ಕೆ ಭಂಗಬಾರದಂತೆ ಮಧ್ಯಾಹ್ನದ ಊಟದ ಬುಟ್ಟಿಯನ್ನು ಬಾಗಿಲಲ್ಲಿ ಇಟ್ಟುಹೋಗುವುದು ಅಲ್ಲಿಯ ಪದ್ಧತಿ. ಮರುವರ್ಷವೇ ಪತಿಯು ತೀರಿಕೊಂಡನು. ಆ ಬಳಿಕ ಮೇರಿಯನಳು ದಶಕಗಳ ಕಾಲ ಊರೂರಿಗೆ ಹೋಗಿ, ಸ್ತ್ರೀಸಮಾಜಗಳಲ್ಲಿಯೂ ಸಂಗೀತಸಂಘಗಳಲ್ಲಿಯೂ ಪತಿಯ ಕೃತಿಗಳನ್ನು ಪಿಯಾನೋದಲ್ಲಿ ನುಡಿಸಿ, ಉಪನ್ಯಾಸಮಾಡಿ, ಬಂದ ಹಣದಿಂದ ಆ ಕುಟೀರಗಳನ್ನು ನಡೆಸಿದಳು. 1938ರ ಸೆಪ್ಟೆಂಬರಿನ ಚಂಡಮಾರುತವು ಆ ಕಾಡಿನ ಮರಗಳನ್ನು ಉರುಳಿಸಿ ಕಟ್ಟಡಗಳನ್ನು ಕೆಡಿಸಿದಾಗ ಅವಳಿಗೆ ಎಂಬತ್ತು ವರ್ಷ. ಆಗಲೂ ಜೀರ್ಣೋದ್ಧಾರಕ್ಕಾಗಿ ಹಣವೆತ್ತುವ ಕೆಲಸವನ್ನು ಬಿಡಲಿಲ್ಲ. ಅವಳು ಬರಿಗೈಯಿಂದ ಬೇಡಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲು ನುಡಿಸಿದಳು, ಬಳಿಕ ಕೇಳಿದಳು. ಆ ಕುಟೀರಗಳ ಒಳಗೋಡೆಗಳಲ್ಲಿ ಮರದ ಹಲಗೆಗಳಿವೆ. ಅಲ್ಲಿ ಕೆಲಸಮಾಡಿದ ಕಲಾವಿದರು ಒಬ್ಬರ ಕೆಳಗೊಬ್ಬರಂತೆ ತಮ್ಮ ಹೆಸರುಗಳನ್ನು ಅವುಗಳ ಮೇಲೆ ಬರೆದಿಟ್ಟಿದ್ದಾರೆ.

ಇಷ್ಟರಿಂದ ಎರಡು ಕಡೆಯವರ ಕರ್ತವ್ಯವೂ ಸ್ಪಷ್ಟವಾಗುತ್ತದೆ. ಕೊಡುವವನು ತಾನು ತೀರಿಸುತ್ತಿರುವುದು ಋಣವೆಂದು ತಿಳಿದರೆ, ಯಾವ ನಾಟಕವಾಡಬೇಕು, ಯಾರನ್ನು ಟೀಕಿಸಬಾರದು ಎಂದು ಆಜ್ಞೆಮಾಡುವ ಯೋಚನೆಯೇ ಅವನಿಗೆ ಬರಲಾರದು. ಸಾಲ ತೀರಿಸಿದವನು ಕೊಟ್ಟವನಿಗೆ ಯಜಮಾನನಾಗುವುದಿಲ್ಲವಷ್ಟೆ. ಈ ಮಾತು ಸರ್ಕಾರದ ಅನುದಾನಕ್ಕೂ ಅನ್ವಯಿಸುತ್ತದೆ; ಅದೂ ಪ್ರಜೆಗಳ ಹಣವೇ. ತೆಗೆದುಕೊಳ್ಳುವವರ ಹೊಣೆಯು ಇದಕ್ಕಿಂತ ಭಾರವಾದುದು. ನಾಲ್ಕಾಣೆಯಷ್ಟು ಕೊಟ್ಟವನಿಗೂ ರಸೀತಿ ಸಲ್ಲಬೇಕು. ವರ್ಷಾಂತ್ಯದ ಜಮಾಖರ್ಚನ್ನು ಊರಿನವರು ಓದುವಂತೆ ಬಾಗಿಲಲ್ಲಿ ತೂಗುಹಾಕಬೇಕು. ದುರಸ್ತಿಗೆಂದು ಬಂದುದನ್ನು ಹೊಸ ಕಟ್ಟಡದ ಆಡಂಬರಕ್ಕೆ ತಿರುಗಿಸಕೂಡದು. ಯಾರ ವಂತಿಗೆಯಿಂದ ಮನೆ ನಿಂತಿದೆಯೋ ಆ ಹಳ್ಳಿಯವರಿಗೆ ಅದರ ಬಾಗಿಲು ಮುಚ್ಚಿರಬಾರದು. ಅಲ್ಲಿ ನೆಲಸಿದವರು ದುಡಿಯಬೇಕು. ದುಡಿಯದವನಿಗೆ ಆ ಸೂರು ಸಲ್ಲುವುದಿಲ್ಲ.

ಕೊನೆಗೆ ಒಂದು ಕಷ್ಟವು ಬಗೆಹರಿಯದೆ ಉಳಿಯುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಘೋರವಾದ ಬರ ಬಂದ ವರ್ಷ ಕೊಡುವ ಕೈಗಳೇ ಬರಿದಾದಾಗ ಏನು ಮಾಡಬೇಕು? ಅಂಥ ವರ್ಷದಲ್ಲಿ ಉತ್ಸವವನ್ನು ಕುಗ್ಗಿಸಬಹುದು, ಹೊಸ ಕೆಲಸವನ್ನು ನಿಲ್ಲಿಸಬಹುದು, ಕಲಾವಿದರೇ ಏಣಿ ಹಾಕಿ ಹೆಂಚು ಹೊದಿಸಬಹುದು. ಹಣ ಕೊಡಲಾರದ ರೈತನು ಒಂದು ದಿನದ ಮೈದುಡಿಮೆಯನ್ನು ಕೊಡಬಹುದು. ಎಲ್ಲರೂ ಕೈಬಿಟ್ಟರೆ ಮಾತ್ರ ಮನೆ ಬೀಳುತ್ತದೆ. ಬಿದ್ದಮೇಲೆ ಮರಳಿ ಎಬ್ಬಿಸುವುದಕ್ಕೆ ತಗಲುವ ವೆಚ್ಚವು ವರ್ಷವರ್ಷದ ಹೆಂಚಿನ ವೆಚ್ಚಕ್ಕಿಂತ ಎಷ್ಟೋ ಪಾಲು ಹೆಚ್ಚು. ನಾಟಕ ಮುಗಿದ ರಾತ್ರಿ ಕಂಬಳಿ ಕೊಡವಿಕೊಂಡು ಮೇಲೇಳುವ ಒಕ್ಕಲಿಗನು, ಮುಂದಿನ ವರ್ಷ ಇದೇ ಮೆಟ್ಟಿಲಮೇಲೆ ತನ್ನ ಮಗಳು ಕುಳಿತು ನೋಡಬೇಕೆಂದು ಬಯಸಿದರೆ, ಆ ಮೆಟ್ಟಿಲಿನ ಸಂದು ಮುಚ್ಚುವುದಕ್ಕೆ ಬೇಕಾದಷ್ಟನ್ನು ಹುಂಡಿಯಲ್ಲಿ ಹಾಕಿ ಹೋಗಲಿ. ಅದಕ್ಕೆ ಅವನ ಹೆಸರು ಬೇಕಾಗಿಲ್ಲ.